ಮನೆಯ ರಕ್ಷಣೆಗೆ ಪಿಸ್ತೂಲು: ಅಮೆರಿಕದ ಕನ್ನಡ ಕುಟುಂಬಗಳಿಗೊಂದು ಮಾರ್ಗದರ್ಶಿ

ಡಲ್ಲಾಸ್, ಅಟ್ಲಾಂಟಾ, ಫೀನಿಕ್ಸ್ ಸುತ್ತಲಿನ ಬಡಾವಣೆಗಳಲ್ಲಿ ಮನೆ ಕೊಂಡು ನೆಲೆಸಿದ ಕನ್ನಡಿಗರಲ್ಲಿ ಹಲವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ: ಮನೆಯಲ್ಲೊಂದು ಪಿಸ್ತೂಲು ಇಡಬೇಕೇ? ಇಡುವುದಾದರೆ ಯಾವುದು? ಸಾಮಾನ್ಯವಾಗಿ ಸಿಗುವ ಉತ್ತರ ಯಾವುದೋ ಒಂದು ಕಂಪನಿಯ ಹೆಸರು. ಆ ಹೆಸರು ಹಿಡಿದು ವಾರಾಂತ್ಯದಲ್ಲಿ ಅಂಗಡಿಗೆ ಹೋಗುತ್ತಾರೆ, ತರುತ್ತಾರೆ, ಬಟ್ಟೆಯ ಕಪಾಟಿನ ಮೇಲ್ತಟ್ಟೆಯಲ್ಲಿ ಇಡುತ್ತಾರೆ. ನನ್ನ ಮಟ್ಟಿಗೆ ಈ ಕ್ರಮ ಪೂರ್ತಿ ತಲೆಕೆಳಗಾದದ್ದು. ವೀಸಾ, ಮನೆಯ ಗೋಡೆ, ಮಕ್ಕಳು, ಬೀಗ, ಕೈಯ ಅಳತೆ ಇವನ್ನೆಲ್ಲ ನೋಡಿ ಮುಗಿಸಿದ ಮೇಲೆ ಕಟ್ಟಕಡೆಗೆ ಕೊಳ್ಳಬೇಕಾದದ್ದು ಪಿಸ್ತೂಲು. ಹೀಗೆ ಹೋದರೆ ಕೆಲವು ಕುಟುಂಬಗಳು ನಡುದಾರಿಯಲ್ಲೇ ‘ನಮಗೆ ಬೇಡ’ ಎಂಬ ತೀರ್ಮಾನಕ್ಕೆ ಬರುತ್ತವೆ. ಅದೂ ಸರಿಯಾದ ತೀರ್ಮಾನವೇ.

ಊರಿನ ತಿಳಿವಳಿಕೆ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಕೊಡಗಿನ ಮನೆಯಲ್ಲಿ ಬೆಳೆದವರಿಗೆ ಕೋವಿ ಹೊಸದಲ್ಲ, ನಿಜ. ಆದರೆ ಸುತ್ತ ಕಾಫಿ ತೋಟವಿರುವ ಒಂಟಿ ಮನೆಯ ಉದ್ದ ಕೋವಿಯೇ ಬೇರೆ, ಪಕ್ಕದ ಮನೆಯ ಕಿಟಕಿ ಕೈಗೆಟುಕುವಂತಿರುವ ಬಡಾವಣೆಯ ಪಿಸ್ತೂಲೇ ಬೇರೆ. ಭಾರತದಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ) ಎನಿಸಿಕೊಂಡು ಸಾಮಾನ್ಯ ನಾಗರಿಕರಿಗೆ ಸಿಗದ 9 ಎಂಎಂ ಪಿಸ್ತೂಲು ಅಮೆರಿಕದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು.

ಮೊದಲ ಹೆಜ್ಜೆ: ವೀಸಾ

ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಇದು ಒಕ್ಕೂಟ ಸರ್ಕಾರದ ಕಾನೂನು. ನೀವಿರುವ ರಾಜ್ಯ ಎಷ್ಟೇ ಉದಾರವಾಗಿದ್ದರೂ ಇದು ಬದಲಾಗುವುದಿಲ್ಲ. ಬೇಟೆಯ ಪರವಾನಗಿ ಇದ್ದವರಿಗೆ ಒಂದು ವಿನಾಯಿತಿ ಇದೆ. ಅದನ್ನು ನಂಬಿ ಮನೆಯ ರಕ್ಷಣೆಗೆಂದು ಪಿಸ್ತೂಲು ಕೊಳ್ಳುವ ಮುನ್ನ ವಲಸೆ ಕಾನೂನಿನ ವಕೀಲರನ್ನು ಕೇಳಲೇಬೇಕು. ಗೆಳೆಯರ ಮಾತು ಇದಕ್ಕೆ ಸಾಲದು.

ಹಸಿರು ಕಾರ್ಡ್ ಇದ್ದವರು ಕೊಳ್ಳಬಹುದು. ಪರವಾನಗಿ ಪಡೆದ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, ಅದೇ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಬೇಕು, 4473 ಎಂಬ ನಮೂನೆ ತುಂಬಬೇಕು. 1998ರಿಂದ ಜಾರಿಯಲ್ಲಿರುವ ಹಿನ್ನೆಲೆ ತಪಾಸಣೆ ಅಲ್ಲೇ ನಡೆಯುತ್ತದೆ. ಆ ನಮೂನೆಯಲ್ಲಿ ಸುಳ್ಳು ಬರೆದರೆ ಅದೇ ಒಂದು ಅಪರಾಧ. ಗಾಂಜಾ ಸೇವನೆಯ ಪ್ರಶ್ನೆಯೂ ಅದರಲ್ಲಿದೆ. ನಿಮ್ಮ ರಾಜ್ಯ ಗಾಂಜಾವನ್ನು ಕಾನೂನುಬದ್ಧಗೊಳಿಸಿದ್ದರೂ ಒಕ್ಕೂಟದ ಕಣ್ಣಿಗೆ ಅದು ನಿಷಿದ್ಧವೇ ಎಂದು ನಮೂನೆಯಲ್ಲೇ ಅಚ್ಚಾಗಿದೆ.

ನಮ್ಮವರು ಸಿಕ್ಕಿಬೀಳಬಹುದಾದ ಎರಡು ಸಂದರ್ಭಗಳನ್ನು ಬಿಡಿಸಿ ಹೇಳುತ್ತೇನೆ. ಎಚ್-1ಬಿಯಲ್ಲಿರುವ ಸ್ನೇಹಿತ ಹಣ ಕೊಟ್ಟು, ‘ನಿನ್ನ ಹೆಸರಿನಲ್ಲಿ ಒಂದು ತಂದುಕೊಡು’ ಎಂದು ಹಸಿರು ಕಾರ್ಡ್ ಇರುವ ಸ್ನೇಹಿತನನ್ನು ಕೇಳುವುದು ಮೊದಲನೆಯದು. ಬೇರೆಯವರಿಗಾಗಿ ಹೀಗೆ ಕೊಳ್ಳುವುದನ್ನು 2022ರ ಕಾನೂನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿ 15 ವರ್ಷದವರೆಗೆ ಸೆರೆವಾಸ ವಿಧಿಸಿದೆ. ಎಷ್ಟೇ ಹತ್ತಿರದವರು ಕೇಳಿದರೂ ಆಗುವುದಿಲ್ಲ ಎನ್ನಿ. ಎರಡನೆಯದು ಮನೆಯೊಳಗಿನದು. ಗಂಡನಿಗೆ ಹಸಿರು ಕಾರ್ಡ್ ಬಂದಿರುತ್ತದೆ, ಹೆಂಡತಿ ಇನ್ನೂ ಎಚ್-4ನಲ್ಲಿರುತ್ತಾಳೆ. ಅಥವಾ ಮೈಸೂರಿನಿಂದ ಅಪ್ಪ ಅಮ್ಮ ಪ್ರವಾಸಿ ವೀಸಾದ ಮೇಲೆ ಆರು ತಿಂಗಳಿಗೆ ಬಂದಿರುತ್ತಾರೆ. ಪೆಟ್ಟಿಗೆಯ ಬೀಗದ ಸಂಖ್ಯೆ ಅವರಿಗೆ ಗೊತ್ತಿದ್ದರೆ ಪಿಸ್ತೂಲು ಅವರ ಹಿಡಿತದಲ್ಲೂ ಇದೆ ಎಂದು ವಾದಿಸಲು ಸಾಧ್ಯವಾಗುತ್ತದೆ. ಹಸಿರು ಕಾರ್ಡ್ ಅಥವಾ ಪೌರತ್ವ ಇರುವವರಿಗಷ್ಟೇ ಆ ಸಂಖ್ಯೆ ಗೊತ್ತಿರಲಿ.

ಇನ್ನೊಂದು ಸಂಗತಿ ಹಸಿರು ಕಾರ್ಡಿನವರಿಗೆ ಬಹಳ ಮುಖ್ಯ. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ, ಅದು ಚಿಕ್ಕದಾಗಿದ್ದರೂ, ಗಡೀಪಾರಿಗೆ ಕಾರಣವಾಗಬಲ್ಲದು. ಇಲ್ಲೇ ಹುಟ್ಟಿದ ನೆರೆಯವನು ದಂಡ ಕಟ್ಟಿ ಮರೆತುಬಿಡುವ ತಪ್ಪಿಗೆ ನೀವು ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವನ್ನೂ ಕಳೆದುಕೊಳ್ಳಬಹುದು.

ಎರಡನೆಯ ಹೆಜ್ಜೆ: ರಾಜ್ಯದ ಕಾನೂನು

ಮನೆಯೊಳಗೆ ಆತ್ಮರಕ್ಷಣೆಗಾಗಿ ಪಿಸ್ತೂಲು ಇಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೂ ರಾಜ್ಯ ರಾಜ್ಯಕ್ಕೆ ಅಗಾಧ ವ್ಯತ್ಯಾಸವಿದೆ. ಟೆಕ್ಸಾಸಿನಲ್ಲಿ ತಪಾಸಣೆ ಮುಗಿದ ಕೂಡಲೇ ಪಿಸ್ತೂಲನ್ನು ಮನೆಗೆ ತರಬಹುದು. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಸುರಕ್ಷತಾ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕು, 10 ದಿನ ಕಾಯಬೇಕು, ಅಂಗಡಿಯಲ್ಲಿ ಹೊಸದಾಗಿ ಕೊಳ್ಳುವುದಾದರೆ ರಾಜ್ಯದ ಪಟ್ಟಿಯಲ್ಲಿರುವ ಮಾದರಿಗಳಲ್ಲೇ ಆರಿಸಬೇಕು. ಇಲಿನಾಯ್ಸ್‌ನಲ್ಲಿ ಪೊಲೀಸ್ ಇಲಾಖೆ ಕೊಡುವ ಗುರುತಿನ ಚೀಟಿ ಬೇಕು. ನ್ಯೂಜೆರ್ಸಿಯಲ್ಲಿ ಪಿಸ್ತೂಲು ಕೊಳ್ಳುವುದಕ್ಕೇ ಬೇರೆ ಅನುಮತಿ ಪತ್ರವಿದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಮ್ಯಾಗಜಿನ್‌ನಲ್ಲಿ (ಪಿಸ್ತೂಲಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) 10ಕ್ಕಿಂತ ಹೆಚ್ಚು ಗುಂಡು ಹಿಡಿಯುವಂತಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೆಲಸ ಬದಲಾದಾಗ ಸಾಮಾನಿನ ಲಾರಿಯಲ್ಲಿ ಹಳೆಯ ಮ್ಯಾಗಜಿನ್ ಕೂಡ ಸುಮ್ಮನೆ ಬಂದುಬಿಟ್ಟರೆ ಅದೇ ಅಪರಾಧವಾಗಬಹುದು. ರಾಜ್ಯದ ಪೊಲೀಸ್ ಇಲಾಖೆ ಅಥವಾ ಅಟಾರ್ನಿ ಜನರಲ್ ಕಚೇರಿಯ ಪುಟವನ್ನೇ ಓದಿ. ಈ ನಿಯಮಗಳು ಪದೇಪದೇ ಬದಲಾಗುತ್ತವೆ.

ಮೂರನೆಯ ಹೆಜ್ಜೆ: ಭಯ ಯಾವುದು?

ಭಾರತೀಯರ ಮನೆಗಳಲ್ಲಿ ಚಿನ್ನವಿರುತ್ತದೆ ಎಂದು ಹುಡುಕಿಕೊಂಡು ಬರುವ ಕಳ್ಳರ ಬಗ್ಗೆ ಹಲವು ರಾಜ್ಯಗಳ ಪೊಲೀಸರು ಎಚ್ಚರಿಸಿದ್ದಾರೆ. ನಮ್ಮಲ್ಲಿ ಪಿಸ್ತೂಲಿನ ಯೋಚನೆ ಶುರುವಾಗುವುದೂ ಬಹಳ ಸಲ ಅಂಥದೊಂದು ಸುದ್ದಿ ಕೇಳಿದ ಮೇಲೆಯೇ. ಆದರೆ ಇಂಥ ಕಳ್ಳರು ಹೆಚ್ಚಾಗಿ ಹೊಂಚು ಹಾಕುವುದು ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ. ಆಗ ಕಪಾಟಿನಲ್ಲಿರುವ ಪಿಸ್ತೂಲು ಚಿನ್ನವನ್ನು ಕಾಯುವುದಿಲ್ಲ, ಚಿನ್ನದ ಜತೆಗೆ ಅದೂ ಕಳುವಾಗುತ್ತದೆ. ಚಿನ್ನದ ಭಯಕ್ಕೆ ಮದ್ದು ಬ್ಯಾಂಕಿನ ಲಾಕರ್.

ಬಾಗಿಲನ್ನೂ ಈಗಲೇ ನೋಡಿ. ಚೌಕಟ್ಟಿನಲ್ಲಿ ಬೀಗದ ನಾಲಗೆ ಹೋಗಿ ಕೂರುವ ಲೋಹದ ಪಟ್ಟಿಯ ಒಂದು ಸ್ಕ್ರೂ ಬಿಚ್ಚಿ ಅಳೆಯಿರಿ. ಅದು ಒಂದು ಇಂಚಿನಷ್ಟೇ ಇದ್ದರೆ ಬರೀ ಅಲಂಕಾರದ ಮರಕ್ಕೆ ಕಚ್ಚಿಕೊಂಡಿರುತ್ತದೆ, ಬಲವಾದ ಒಂದೆರಡು ಒದೆತಕ್ಕೆ ಕಿತ್ತುಬರುತ್ತದೆ. 3 ಇಂಚಿನ ಸ್ಕ್ರೂ ಹಾಕಿದರೆ ಹಿಂದಿನ ಗಟ್ಟಿ ಕಂಬಕ್ಕೆ ಹಿಡಿಯುತ್ತದೆ. ಕೆಲವೇ ಡಾಲರ್ ಖರ್ಚಿನ ಈ ಕೆಲಸವನ್ನು ಪಿಸ್ತೂಲು ಕೊಂಡವರೂ ಕೊಳ್ಳದವರೂ ಮಾಡಬೇಕು. ಇಷ್ಟೆಲ್ಲ ಆದ ಮೇಲೂ ಉಳಿಯುವ ಭಯ ಒಂದೇ: ನೀವೆಲ್ಲ ಮನೆಯಲ್ಲಿರುವಾಗಲೇ, ನಡುರಾತ್ರಿ, ಬಾಗಿಲು ಮುರಿದು ಒಳಗೆ ನುಗ್ಗುವವನದು. ಪಿಸ್ತೂಲಿನ ಆಯ್ಕೆ ಆ ಒಂದೇ ಸಂದರ್ಭಕ್ಕಾಗಿ.

ನಾಲ್ಕನೆಯ ಹೆಜ್ಜೆ: ಗೋಡೆಗಳು

ಇಟ್ಟಿಗೆ, ಕಾಂಕ್ರೀಟಿನ ಮನೆಗಳಲ್ಲಿ ಬೆಳೆದ ನಮಗೆ ಗೋಡೆ ಎಂದರೆ ಗೋಡೆಯೇ. ಅಮೆರಿಕದ ಮನೆಯ ಒಳಗೋಡೆ ಎಂದರೆ ಮರದ ಕಂಬಗಳಿಗೆ ಎರಡೂ ಕಡೆ ಹೊಡೆದ ಅರ್ಧ ಇಂಚಿನ ಜಿಪ್ಸಂ ಹಲಗೆ, ನಡುವೆ ಗಾಳಿ. ಪಿಸ್ತೂಲಿನ ಗುಂಡು ಇಂಥ ಹಲವು ಗೋಡೆಗಳನ್ನು ದಾಟಿಕೊಂಡು ಹೋಗುತ್ತದೆ, ಆಚೆಯಿರುವವರನ್ನು ಕೊಲ್ಲುವಷ್ಟು ಬಲ ಆಮೇಲೂ ಅದಕ್ಕಿರುತ್ತದೆ. ಮುಂಭಾಗಕ್ಕೆ ಮಾತ್ರ ಇಟ್ಟಿಗೆ ಹೊದಿಸಿ, ಪಕ್ಕದ ಗೋಡೆಗಳಿಗೆ ತೆಳುವಾದ ಹಲಗೆ ಹೊಡೆದ ಮನೆಗಳು ಬಡಾವಣೆಗಳಲ್ಲಿ ಸಾಲುಸಾಲಾಗಿವೆ. ಅಲ್ಲಿಂದ ಹತ್ತು ಅಡಿಯಾಚೆಗೆ ನೆರೆಯವರ ಮಗು ಮಲಗಿರುತ್ತದೆ.

ಒಂದು ಕಾಗದದ ಮೇಲೆ ಮನೆಯ ನಕ್ಷೆ ಬರೆಯಿರಿ. ಯಾರು ಎಲ್ಲಿ ಮಲಗುತ್ತಾರೆ ಎಂದು ಗುರುತಿಸಿ. ದಂಪತಿಗಳ ಕೋಣೆಯಲ್ಲಿ ಮಂಚದ ಹಿಂದೆ ನಿಂತು ಬಾಗಿಲಿನತ್ತ ಒಂದು ಗೆರೆ ಎಳೆದು, ಅದು ಬಾಗಿಲಿನಾಚೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಮಗಳ ಕೋಣೆಗೆ ಹೋಗುತ್ತಿದ್ದರೆ ನಿಲ್ಲುವ ಮೂಲೆಯನ್ನು ಬದಲಿಸಬೇಕು, ಇಲ್ಲವೇ ಮಗಳ ಕೋಣೆಯನ್ನು ಬದಲಿಸಬೇಕು. ಗೆರೆ ಕೆಳಮಹಡಿಯ ನೆಲಕ್ಕೋ ಪುಸ್ತಕ ತುಂಬಿದ ಕಪಾಟಿಗೋ ಹೊರಗಿನ ಇಟ್ಟಿಗೆ ಗೋಡೆಗೋ ಹೋಗುವ ಜಾಗ ಹುಡುಕಿ. ಅಂಥ ಜಾಗ ಸಿಗದ ಅಪಾರ್ಟ್‌ಮೆಂಟುಗಳಿವೆ. ಅಲ್ಲಿರುವವರು ಪಿಸ್ತೂಲಿನ ಯೋಚನೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು ಎಂದು ನನಗನಿಸುತ್ತದೆ.

ಯೋಜನೆ ಸರಳವಾಗಿರಲಿ. ಮಕ್ಕಳನ್ನು ಒಂದು ಕೋಣೆಗೆ ಸೇರಿಸಿಕೊಳ್ಳುವುದು, ಬಾಗಿಲು ಹಾಕುವುದು, 911ಕ್ಕೆ ಕರೆ ಮಾಡಿ ಸಂಪರ್ಕ ಕಡಿಯದೆ ಇರುವುದು, ಕೋಣೆಯ ಬಾಗಿಲು ಮುರಿದು ಒಳಗೆ ಬಂದರೆ ಮಾತ್ರ ಪಿಸ್ತೂಲು. ಕತ್ತಲಲ್ಲಿ ಮನೆಯೆಲ್ಲ ಸುತ್ತಿ ಕಳ್ಳನನ್ನು ಹುಡುಕಲು ಹೋಗಬಾರದು. ತಡವಾಗಿ ಬಂದು ಹಿತ್ತಿಲ ಬಾಗಿಲಿನಿಂದ ನುಸುಳಿದ ಹದಿಹರೆಯದ ಮಗನೂ ಕತ್ತಲಲ್ಲಿ ಒಂದು ಆಕಾರವಷ್ಟೇ. ಏಪ್ರಿಲ್ 2023ರಲ್ಲಿ ಮಿಸೌರಿಯ ಕಾನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋಗಿ ತಪ್ಪು ಮನೆಯ ಗಂಟೆ ಒತ್ತಿದ 16 ವರ್ಷದ ಹುಡುಗನ ಮೇಲೆ 84 ವರ್ಷದ ಮನೆಯೊಡೆಯ ಗುಂಡು ಹಾರಿಸಿದ. ಹುಡುಗ ಬದುಕಿದ್ದು ಪುಣ್ಯ. ಹಾಗಾಗಿ ಪಿಸ್ತೂಲಿಗಿಂತ ಮೊದಲು ಮಂಚದ ಪಕ್ಕದಲ್ಲಿ ಒಂದು ಒಳ್ಳೆಯ ಟಾರ್ಚ್ ಇರಬೇಕು. ಪಿಸ್ತೂಲಿಗೇ ಸಿಕ್ಕಿಸುವ ದೀಪವೊಂದನ್ನೇ ನೆಚ್ಚಿಕೊಂಡರೆ, ಯಾರೆಂದು ನೋಡಬೇಕಾದಾಗಲೆಲ್ಲ ನಳಿಗೆಯನ್ನೂ ಅವರತ್ತ ತಿರುಗಿಸಬೇಕಾಗುತ್ತದೆ.

ಐದನೆಯ ಹೆಜ್ಜೆ: ಪೆಟ್ಟಿಗೆ

ಮಕ್ಕಳಿಗೆ ಪಿಸ್ತೂಲು ಎಲ್ಲಿದೆ ಎಂದು ಗೊತ್ತಿಲ್ಲ ಎಂದು ಹೇಳುವ ತಂದೆತಾಯಂದಿರ ಮಾತನ್ನು ನಾನು ನಂಬುವುದಿಲ್ಲ. ಹಬ್ಬಕ್ಕೆ ತಂದ ಸಿಹಿಯನ್ನು ಎಲ್ಲಿ ಬಚ್ಚಿಟ್ಟರೂ ಕಂಡುಹಿಡಿಯುವ ಮಕ್ಕಳವು. ಅಡಗಿಸಿ ಇಟ್ಟರೆ ಬೀಗ ಹಾಕಿದಂತಾಗುವುದಿಲ್ಲ.

ಬೇಕಾದದ್ದು ಚಿಕ್ಕ ಉಕ್ಕಿನ ಪೆಟ್ಟಿಗೆ, ಕತ್ತಲಲ್ಲೂ ಬೆರಳಿನ ಸ್ಪರ್ಶದಿಂದ ತೆರೆಯುವಂಥದು. ನಾಲ್ಕೈದು ಯಾಂತ್ರಿಕ ಗುಂಡಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿ ತೆರೆಯುವ ಬೀಗ ನನಗೆ ಮೆಚ್ಚಿಗೆ, ಏಕೆಂದರೆ ಅದರಲ್ಲಿ ಬ್ಯಾಟರಿ ಇಲ್ಲ, ಅದು ಮುಗಿದು ಬೀಗ ಕೈಕೊಡುವ ಭಯವೂ ಇಲ್ಲ. ಬೆರಳಚ್ಚಿನ ಬೀಗಗಳ ಬಗ್ಗೆ ಎಚ್ಚರವಿರಲಿ. ಸಿಕ್ಕವರ ಬೆರಳಿಗೂ ತೆರೆದುಕೊಳ್ಳುತ್ತವೆ ಎಂಬ ಕಾರಣಕ್ಕೆ ಅಕ್ಟೋಬರ್ 2023ರಲ್ಲಿ ಅಂಥ ಸಾವಿರಾರು ಪೆಟ್ಟಿಗೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಲಾಯಿತು. 12 ವರ್ಷದ ಬಾಲಕನೊಬ್ಬನ ಸಾವು ಆ ಕ್ರಮದ ಹಿಂದಿತ್ತು. ಪೆಟ್ಟಿಗೆಯನ್ನು ಗೋಡೆಯ ಕಂಬಕ್ಕೋ ಮಂಚದ ಚೌಕಟ್ಟಿಗೋ ಬೋಲ್ಟ್ ಹಾಕಿ ಕೂರಿಸಿ, ಇಲ್ಲವಾದರೆ ಕಳ್ಳ ಪೆಟ್ಟಿಗೆಸಮೇತ ಎತ್ತಿಕೊಂಡು ಹೋಗುತ್ತಾನೆ. ಬೀಗದ ಸಂಖ್ಯೆ ಮಕ್ಕಳ ಹುಟ್ಟುಹಬ್ಬವಾಗಿರಬಾರದು.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತಿದೆ, ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕೆಲಸ ಕಳೆದುಕೊಂಡ ಗಂಡ, ಹೆರಿಗೆಯ ನಂತರ ಮಂಕಾದ ಹೆಂಡತಿ, ಅಂಕಗಳ ಒತ್ತಡದಲ್ಲಿ ನಲುಗಿದ ಮಗ, ಇವರಲ್ಲಿ ಯಾರಾದರೂ ಮನೆಯಲ್ಲಿದ್ದರೆ ಪಿಸ್ತೂಲು ತರಬೇಡಿ. ಈಗಾಗಲೇ ಇದ್ದರೆ ಸ್ವಲ್ಪ ಕಾಲ ಹೊರಗಿಡಿ. ಕೆಲವು ಬಂದೂಕಿನ ಅಂಗಡಿಗಳು ಮತ್ತು ಪೊಲೀಸ್ ಠಾಣೆಗಳು ಇಟ್ಟುಕೊಳ್ಳುತ್ತವೆ. ಮನಸ್ಸು ಕುಸಿದವರ ನೆರವಿಗೆ 988 ಸಂಖ್ಯೆ ಹಗಲೂ ರಾತ್ರಿಯೂ ಇದೆ.

ಆರನೆಯ ಹೆಜ್ಜೆ: ಕೈಗೆ ಹೊಂದುವ ಪಿಸ್ತೂಲು

ಇಲ್ಲಿವರೆಗೆ ಬಂದವರು ಈಗ ಶೂಟಿಂಗ್ ರೇಂಜಿಗೆ ಹೋಗಬಹುದು. ಅಂಗಡಿಗೆ ಹೋಗುವುದು ಇನ್ನೂ ಬೇಡ. ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜುಗಳಿವೆ, ಹೊಸಬರಿಗೆ ಒಂದು ದಿನದ ತರಗತಿಗಳೂ ಇವೆ. ಬಾಡಿಗೆಗೆ ಹಿಡಿದರೂ ಕಾನೂನಿನಲ್ಲಿ ಅದು ಇಟ್ಟುಕೊಂಡಂತೆಯೇ, ಆದ್ದರಿಂದ ತಾತ್ಕಾಲಿಕ ವೀಸಾದವರು ರೇಂಜಿನಿಂದಲೂ ದೂರವಿರಬೇಕು. ಪಿಸ್ತೂಲನ್ನು ಬಳಸಲು ಅರ್ಹತೆಯಿರುವ ಗಂಡ ಹೆಂಡತಿ ಇಬ್ಬರೂ ಹೋಗಿ. ಆಯ್ಕೆ ಚಿಕ್ಕ ಕೈಯವರಿಗೆ ಹೊಂದುವಂತಿರಬೇಕು. ಚಿಕ್ಕ ಹಿಡಿಯನ್ನು ದೊಡ್ಡ ಕೈ ಹೇಗೋ ಹಿಡಿಯುತ್ತದೆ, ದೊಡ್ಡ ಹಿಡಿ ಚಿಕ್ಕ ಕೈಗೆ ಒಗ್ಗುವುದೇ ಇಲ್ಲ.

ಅಳತೆ ನೋಡುವುದು ಹೀಗೆ. ಪಿಸ್ತೂಲು ಖಾಲಿಯೆಂದು ತರಬೇತುದಾರರು ತೋರಿಸಿದ ಮೇಲೆ, ನೀವೂ ಇನ್ನೊಮ್ಮೆ ನೋಡಿ, ಸುರಕ್ಷಿತ ದಿಕ್ಕಿಗೆ ತಿರುಗಿಸಿ ಹಿಡಿಯಿರಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಭಾಗ ಹಿಡಿಯ ಹಿಂಬದಿಗೆ ಸಾಧ್ಯವಾದಷ್ಟು ಮೇಲೆ ಕೂರಬೇಕು. ನಳಿಗೆ ಮುಂಗೈಯ ನೇರಕ್ಕಿರಬೇಕು. ಹಾಗೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್ ಮೇಲೆ ಸಹಜವಾಗಿ ಬಂದರೆ ಅದು ನಿಮ್ಮ ಅಳತೆ. ಬೆರಳು ಮುಟ್ಟಲೆಂದು ಕೈಯನ್ನು ಪಕ್ಕಕ್ಕೆ ಹೊರಳಿಸಬೇಕಾಗಿ ಬಂದರೆ ದೊಡ್ಡದಾಯಿತು, ಕೆಳಗಿಡಿ. ನಂತರ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲ್ಭಾಗದ ಜಾರುವ ಲೋಹದ ಭಾಗವನ್ನು, ಹಿಂದಕ್ಕೆಳೆದು ನೋಡಿ. ಎರಡು ಬೆರಳಲ್ಲಿ ಚಿವುಟಿ ಎಳೆಯಬೇಡಿ. ಎಡ ಅಂಗೈಯಿಂದ ಮೇಲಿನಿಂದ ಬಿಗಿಯಾಗಿ ಹಿಡಿದು, ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿ. ನನ್ನ ಕೈಯಲ್ಲಿ ಶಕ್ತಿಯಿಲ್ಲ ಎನ್ನುವ ಹಲವರು ಈ ರೀತಿಯಲ್ಲಿ ಸಲೀಸಾಗಿ ಎಳೆಯುತ್ತಾರೆ.

ಯಾವ ಗಾತ್ರದ ಗುಂಡು ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಡ. ಹೆಚ್ಚಿನವರಿಗೆ 9 ಎಂಎಂ. ಹಾರಿಸಿದಾಗ ಅದು ಕೈಗೆ ಕೊಡುವ ಒದೆತ ತಡೆದುಕೊಳ್ಳುವಂಥದು, ಗುಂಡು ಎಲ್ಲೆಡೆ ಸಿಗುತ್ತದೆ, ಅಭ್ಯಾಸದ ಖರ್ಚು ಕಡಿಮೆ. ದೊಡ್ಡ ಗಾತ್ರದ ಗುಂಡುಗಳನ್ನು ಬಳಸುತ್ತಿದ್ದ ಎಫ್‌ಬಿಐ ಕೂಡ ಕಳೆದ ದಶಕದಲ್ಲಿ 9 ಎಂಎಂಗೇ ಮರಳಿತು. ಸಂಧಿವಾತವಿರುವವರಿಗೆ, ಕೈ ಸಣಕಲಾಗಿರುವವರಿಗೆ ಇನ್ನೂ ಕಡಿಮೆ ಬಲದ .380 ಗುಂಡು ಒಳ್ಳೆಯದು. ಹೆಚ್ಚು ಬಲದ .357 ಮ್ಯಾಗ್ನಂ ಗುಂಡು ಮುಚ್ಚಿದ ಕೋಣೆಗೆ ತಕ್ಕುದಲ್ಲ. 9 ಎಂಎಂ ಸದ್ದೇ ಸುಮಾರು 160 ಡೆಸಿಬೆಲ್. 140 ದಾಟಿದರೆ ಕಿವಿಗೆ ಒಂದೇ ಏಟಿಗೆ ಹಾನಿಯಾಗಬಹುದು.

ಮಾದರಿಗಳಲ್ಲಿ ಬಾಡಿಗೆಗೆ ಕೇಳಿ ನೋಡಬೇಕಾದವು ಮೂರು. ಗ್ಲಾಕ್ 19: 4 ಇಂಚಿನ ನಳಿಗೆ, 15 ಗುಂಡು, ಸರಳ ರಚನೆ. ಗುಂಡು ಹಾರದಂತೆ ಹೆಬ್ಬೆರಳಿನಿಂದ ಹಾಕುವ ತಡೆ, ಅಂದರೆ ಸೇಫ್ಟಿ, ಅದಕ್ಕಿಲ್ಲ. ಟ್ರಿಗರ್ ಎಳೆದರೆ ಹಾರುತ್ತದೆ. ಬೆರಳಿನ ಶಿಸ್ತು ಇನ್ನೂ ಕೂಡಿಬರದವರಿಗೆ ಅದನ್ನು ನಾನು ಹೇಳುವುದಿಲ್ಲ. ಸ್ಮಿತ್ ಅಂಡ್ ವೆಸನ್ ಕಂಪನಿಯ ಎಂ ಅಂಡ್ ಪಿ ಶೀಲ್ಡ್ ಇಝಡ್: ಸ್ಲೈಡ್ ಎಳೆಯುವುದು ಬಹಳ ಹಗುರ, ಹಿಡಿಯನ್ನು ಸರಿಯಾಗಿ ಒತ್ತಿ ಹಿಡಿಯದಿದ್ದರೆ ಹಾರುವುದಿಲ್ಲ, ಹೆಬ್ಬೆರಳಿನ ಸೇಫ್ಟಿ ಇರುವ ರೂಪವೂ ಸಿಗುತ್ತದೆ. ಹೊಸದಾಗಿ ಕಲಿಯುವ ದಂಪತಿಗಳಿಗೆ ನನ್ನ ಒಲವು ಇದರ ಕಡೆಗೆ. ಮೂರನೆಯದು 4 ಇಂಚಿನ ನಳಿಗೆಯ .38 ಸ್ಪೆಷಲ್ ರಿವಾಲ್ವರ್. ಆರೇ ಗುಂಡು, ಟ್ರಿಗರ್ ಬಿಗಿ, ಆದರೆ ಮ್ಯಾಗಜಿನ್ ಇಲ್ಲ, ಸ್ಲೈಡ್ ಇಲ್ಲ. ತುಂಬಿದೆಯೋ ಖಾಲಿಯಿದೆಯೋ ಎಂದು ಗುಂಡು ತುಂಬುವ ಉರುಳೆಯನ್ನು (ಸಿಲಿಂಡರ್) ಹೊರಕ್ಕೆ ತೆರೆದರೆ ಕಣ್ಣಿಗೆ ಕಾಣುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಇಡುವವರಿಗೆ ಇದು ಯೋಗ್ಯ.

ಅಂಗೈಯಷ್ಟು ಚಿಕ್ಕ ಪಿಸ್ತೂಲುಗಳನ್ನು ಹೆಂಗಸರಿಗೆ ಸರಿ ಎಂದು ಮಾರುವ ಅಂಗಡಿಯವರ ಮಾತಿಗೆ ಕಿವಿಗೊಡಬೇಡಿ. ಹಗುರವಾದಷ್ಟೂ ಒದೆತ ಜೋರು, ನಳಿಗೆ ಗಿಡ್ಡವಾದಷ್ಟೂ ಗುರಿ ಕಷ್ಟ. ಅವು ಜೇಬಿನಲ್ಲಿ ಒಯ್ಯಲು ಮಾಡಿದವು. ಮನೆಯ ಪೆಟ್ಟಿಗೆಯಲ್ಲಿರುವುದಕ್ಕೆ ಅಷ್ಟು ಚಿಕ್ಕದಾಗಿರುವ ಅಗತ್ಯವೇ ಇಲ್ಲ.

ಪರೀಕ್ಷೆ ಇಷ್ಟೇ: 7 ಗಜ ದೂರದಲ್ಲಿ ಊಟದ ಕಾಗದದ ತಟ್ಟೆಯಷ್ಟು ಗುರಿ, ಅವಸರವಿಲ್ಲದೆ ಐದು ಗುಂಡು. ಇಬ್ಬರಿಗೂ ಐದಕ್ಕೈದು ತಟ್ಟೆಯೊಳಗೆ ಬೀಳುವ ಪಿಸ್ತೂಲೇ ನಿಮ್ಮದು, ಅದರ ಮೇಲೆ ಯಾವ ಹೆಸರಿದ್ದರೂ ಸರಿ.

ಏಳನೆಯ ಹೆಜ್ಜೆ: ಗುಂಡು

ಅಭ್ಯಾಸಕ್ಕೆ ತಾಮ್ರ ಹೊದಿಸಿದ ಮೊನೆಯ ಸಾಮಾನ್ಯ ಗುಂಡು, ಪೆಟ್ಟಿಗೆಯಲ್ಲಿಡಲು ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್. ಟೊಳ್ಳು ತುದಿ ದೇಹಕ್ಕೆ ತಾಗಿದಾಗ ಅರಳಿ ಅಲ್ಲೇ ನಿಲ್ಲುವ ಸಂಭವ ಹೆಚ್ಚು. ಸಾಮಾನ್ಯ ಗುಂಡು ಹಾದುಹೋಗಿ ಹಿಂದಿರುವವರಿಗೆ ತಗಲುವ ಅಪಾಯ ಹೆಚ್ಚು. ಎಫ್‌ಬಿಐ ಮಾನದಂಡದಂತೆ ಪರೀಕ್ಷೆಯ ಜೆಲಟಿನ್‌ನಲ್ಲಿ 12ರಿಂದ 18 ಇಂಚು ಇಳಿಯುವ ಗುಂಡನ್ನು ಆರಿಸಿ. ಆದರೆ ಗುರಿ ತಪ್ಪಿದ ಹಾಲೋ ಪಾಯಿಂಟ್ ಕೂಡ ಜಿಪ್ಸಂ ಗೋಡೆಗಳನ್ನು ದಾಟುತ್ತದೆ. ಎಷ್ಟೋ ಸಲ ಪುಡಿ ತುಂಬಿಕೊಂಡು ಅರಳುವುದೇ ಇಲ್ಲ. ನಾಲ್ಕನೆಯ ಹೆಜ್ಜೆಯ ನಕ್ಷೆಗೆ ಬದಲಿಯಾಗುವ ಗುಂಡು ಯಾವುದೂ ಇಲ್ಲ. ನ್ಯೂಜೆರ್ಸಿಯಲ್ಲಿ ಇದನ್ನು ಮನೆಯಲ್ಲಿ ಇಡಬಹುದಾದರೂ ಹೊರಗೆ ಒಯ್ಯುವುದಕ್ಕೆ ನಿರ್ಬಂಧಗಳಿವೆ, ಓದಿಕೊಳ್ಳಿ. ಆರಿಸಿದ ಗುಂಡನ್ನು ಒಂದೆರಡು ಪೊಟ್ಟಣದಷ್ಟಾದರೂ ನಿಮ್ಮ ಪಿಸ್ತೂಲಿನಲ್ಲಿ ಹಾರಿಸಿ, ಸಿಕ್ಕಿಕೊಳ್ಳದೆ ಓಡುತ್ತದೆಯೇ ಎಂದು ನೋಡಿದ ಮೇಲೆಯೇ ನೆಚ್ಚಿಕೊಳ್ಳಿ.

ಕೊಂಡ ಮೇಲೆ

ನಿಮ್ಮ ಹತ್ತಿರ ಸಾವಿರ ಡಾಲರ್ ಇದ್ದರೆ ಪಿಸ್ತೂಲಿಗೆ ಅದರ ಅರ್ಧಕ್ಕಿಂತ ಹೆಚ್ಚು ಹೋಗದಂತೆ ನೋಡಿಕೊಳ್ಳಿ. ಉಳಿದದ್ದು ಪೆಟ್ಟಿಗೆ, ತರಗತಿ, ಅಭ್ಯಾಸದ ಗುಂಡುಗಳಿಗೆ. ಎಲ್ಲ ಪಿಸ್ತೂಲನ್ನೂ ತುಂಬಿದೆ ಎಂದೇ ಭಾವಿಸುವುದು, ಹಾಳುಮಾಡಲು ಬಯಸದ ಯಾವುದರತ್ತಲೂ ನಳಿಗೆ ತಿರುಗಿಸದಿರುವುದು, ಹಾರಿಸಲು ನಿರ್ಧರಿಸುವವರೆಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು, ಗುರಿಯೂ ಅದರ ಹಿಂದಿರುವುದೂ ಏನೆಂದು ತಿಳಿದಿರುವುದು: ಈ ನಾಲ್ಕು ನಿಯಮ ತರಗತಿಯಲ್ಲಿ ಬಾಯಿಪಾಠವಾಗಿ ಕೈಗೂ ಇಳಿಯಬೇಕು. ಮನೆಯಲ್ಲಿ ಖಾಲಿ ಪಿಸ್ತೂಲಿನ ಅಭ್ಯಾಸ ಮಾಡುವಾಗ ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ರೇಂಜಿನಿಂದ ಬಂದವರು ಕೈ ಮುಖ ತೊಳೆದು, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಿ, ಏಕೆಂದರೆ ಅಲ್ಲಿನ ಹೊಗೆಯಲ್ಲಿ ಸೀಸದ ಪುಡಿಯಿರುತ್ತದೆ. ಬಸುರಿಯರು ರೇಂಜಿಗೆ ಹೋಗದಿರುವುದೇ ಲೇಸು.

ಬಹುತೇಕ ರಾಜ್ಯಗಳಲ್ಲಿ ಸ್ವಂತ ಮನೆಯೊಳಗೆ ಪ್ರಾಣಕ್ಕೆ ಅಪಾಯವಾದಾಗ ಹಿಮ್ಮೆಟ್ಟಬೇಕಾದ ಕರ್ತವ್ಯವಿಲ್ಲ. ಇದರ ಅರ್ಥ ಓಡಿಹೋಗುತ್ತಿರುವವನ ಬೆನ್ನಿಗೆ ಹಾರಿಸಬಹುದು ಎಂದಲ್ಲ. ಪೊಲೀಸರು ಬಂದಾಗ ಯಾರು ಕಳ್ಳ, ಯಾರು ಮನೆಯವರು ಎಂದು ಅವರಿಗೆ ಗೊತ್ತಿರುವುದಿಲ್ಲ. ಕೈಯಲ್ಲಿ ಪಿಸ್ತೂಲಿರುವ ಕಂದುಬಣ್ಣದ ಅಪರಿಚಿತ ನೀವು. ನೀವೆಲ್ಲಿದ್ದೀರಿ, ಯಾವ ಬಟ್ಟೆ ಹಾಕಿದ್ದೀರಿ ಎಂದು 911ರವರಿಗೆ ಮೊದಲೇ ಹೇಳಿ, ಪೊಲೀಸರು ಒಳಗೆ ಬರುವ ಮುನ್ನ ಪಿಸ್ತೂಲನ್ನು ಕೆಳಗಿಟ್ಟು, ಖಾಲಿ ಕೈಗಳನ್ನು ತೋರಿಸಿ. ನಡೆದದ್ದರ ಪೂರ್ಣ ಹೇಳಿಕೆಯನ್ನು ವಕೀಲರು ಬಂದ ಮೇಲೆ ಕೊಡಿ.

ಇನ್ನು ಊರಿಗೆ ಹೊರಡುವಾಗಿನ ಮಾತು. ರೇಂಜಿಗೆ ಒಯ್ಯುವ ಚೀಲ ರೇಂಜಿಗಷ್ಟೇ ಇರಲಿ, ಅದನ್ನು ಪ್ರಯಾಣಕ್ಕೆ ಬಳಸಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರು ವಿಮಾನ ನಿಲ್ದಾಣದ ಎಕ್ಸ್‌-ರೇಯಲ್ಲಿ ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು, ರಜೆಯೆಲ್ಲ ಠಾಣೆ ಮತ್ತು ನ್ಯಾಯಾಲಯಗಳ ನಡುವೆ ಕಳೆದುಹೋಗಬಹುದು. ಜಾಕೆಟ್‌ನ ಜೇಬು, ಮಕ್ಕಳ ಶಾಲೆಯ ಚೀಲವಾಗಿ ಬದಲಾದ ಹಳೆಯ ಬ್ಯಾಕ್‌ಪ್ಯಾಕ್, ಕಾರಿನ ಡಿಕ್ಕಿಯಲ್ಲಿದ್ದ ಸೂಟ್‌ಕೇಸ್ ಎಲ್ಲವನ್ನೂ ತಲೆಕೆಳಗು ಮಾಡಿ ಕೊಡವಿ, ಒಳಪದರದ ಜಿಪ್‌ಗಳನ್ನೂ ತೆರೆದು ನೋಡಿ, ಆಮೇಲೆ ಬಟ್ಟೆ ತುಂಬಿ.